ಝುಹೂರಾಳ ಮಂಚದ ನಾಲ್ಕು ಕಾಲು

ಊಟದ ನಡುವೆ ಶಮೂತಿ ಮಂಚದ ಮಾತು ತೆಗೆಯುವವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಚಾಪೆಯ ನಡುವೆ ದೊಡ್ಡ ತಟ್ಟೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಹುಣಸೆಹುಳಿಯ ಮೀನು, ಮಾವಿನ ಉಪ್ಪಿನಕಾಯಿ. ಐದು ಜನ ಸುತ್ತ ಕೂತು ಒಂದೇ ತಟ್ಟೆಯಿಂದ ಉಣ್ಣುತ್ತಿದ್ದರು. ಮುದುಕ ಬ್ವಾನಾಹೇರಿಯ ಬಲಗೈ ಕಳೆದ ರಂಜಾನಿನಿಂದ ನಡುಗುತ್ತಿತ್ತು. ತುತ್ತು ಬಾಯಿ ತಲುಪುವಷ್ಟರಲ್ಲಿ ಅರ್ಧ ಚೆಲ್ಲಿಹೋಗುತ್ತಿತ್ತು. ಅವನ ತಂಗಿ ಬಿ ತಿಮಾ ಅನ್ನವನ್ನು ಗಟ್ಟಿಯಾಗಿ ಉಂಡೆ ಕಟ್ಟಿ, ತಟ್ಟೆಯ ಅವನ ಅಂಚಿಗೆ ಒಂದೊಂದಾಗಿ ಸರಿಸುತ್ತಿದ್ದಳು. ಯಾರಾದರೂ ನೋಡಿದರೆ, "ನನ್ನ ಕೈ ಸುಮ್ಮನಿರಲ್ಲ, ಏನ್ಮಾಡ್ಲಿ" ಅನ್ನುತ್ತಿದ್ದಳು.

"ಮೊಂಬಾಸದಲ್ಲಿ ಒಬ್ಬ ವ್ಯಾಪಾರಿ ಇದ್ದಾನೆ," ಅಂದ ಶಮೂತಿ. "ತಲೆದೆಸೆಯಲ್ಲಿ ಕನ್ನಡಿ ಇರೋ ಮಂಚ. ಬಿಚ್ಚಿ ಕಟ್ಟಿಕೊಡ್ತಾನೆ. ನನ್ನ ದೋಣೀಲೇ ತಂದುಬಿಡಬಹುದು."

ಬ್ವಾನಾಹೇರಿ ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ವಾಪಸು ಇಟ್ಟ.

"ಯಾರ ಮನೆಗೆ?"

"ಇನ್ಯಾರ ಮನೆಗೆ ಮಾವ? ಝುಹೂರಾಗೆ. ಮದುವೆಗೆ ಏಳು ವಾರ ಉಳಿದಿದೆ."

"ಈ ಮನೆ ಹುಡುಗಿಗೆ ಮಂಚ ಮೊಂಬಾಸದಿಂದ ಬರುತ್ತಾ? ಊರಿನ ಅರ್ಧ ಜನ ಮಲಗಿರೋದು ನಾನು ಕಡೆದ ಕಾಲಿನ ಮೇಲೆ."

"ನಾನು ಇಲ್ಲ ಅಂದ್ನಾ? ಆದ್ರೆ ಈಗ..." ಶಮೂತಿ ಮಾವನ ಕೈ ನೋಡಿದ.

ಮ್ವಾನೈದಿ ಗಂಡ ಶಮೂತಿಯನ್ನೂ ಅಪ್ಪನನ್ನೂ ನೋಡಿದಳು. ದ್ವೀಪದ ಈ ಸಿಯು ಊರಿನಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬಂದು ಬಾಳುತ್ತಾನೆ. ಮಂಚ ಹೆಣ್ಣಿನ ಮನೆಯವರದು. ಬ್ವಾನಾಹೇರಿಯ ವಂಶದವರು ಮರ ಕಡೆಯುವವರು. ಅವರ ಮನೆಯಲ್ಲಿ ಹೆಣ್ಣುಮಗಳ ಮಂಚದ ನಾಲ್ಕು ಕಾಲೂ ಮನೆಯ ತಿರುಗಣೆಯ ಮೇಲೇ ಕಡೆದದ್ದಾಗಿರಬೇಕು. ಮಗಳು ಝುಹೂರಾ ಹದಿನಾಲ್ಕು ತುಂಬಿದ ವರ್ಷ ಅಜ್ಜ ಬಂಬಾಕೋಫಿ ಮರದ ನಾಲ್ಕು ದಿಮ್ಮಿ ತಂದು ಅಟ್ಟದ ಮೇಲೆ ಒಣಗಲು ಇಟ್ಟಿದ್ದ. ಈಗ ಅವಳಿಗೆ ಇಪ್ಪತ್ತೊಂದು. ದಿಮ್ಮಿಗಳು ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ದನಿ ಕೊಡುವಷ್ಟು ಒಣಗಿದ್ದವು. ಅಂಥ ಮರ ಈಗ ದ್ವೀಪದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹಿಂದಿನ ವಾರ ಅಪ್ಪ ಉಳಿ ಹಿಡಿದು ನೋಡಿದ್ದ. ಮ್ವಾನೈದಿ ಎಂದಿನಂತೆ ಎದುರು ಕೂತು ತಿರುಗಣೆ ತಿರುಗಿಸುವ ಹಗ್ಗ ಎಳೆದಿದ್ದಳು. ಬೇವಿನ ತುಂಡೊಂದರ ಮೇಲೆ ಉಳಿ ಕುಣಿದು, ಸಿಕ್ಕಿಕೊಂಡು, ಅವನ ಕೈಯಿಂದ ಹಾರಿ ಗೋಡೆಗೆ ಬಡಿದಿತ್ತು. ಅವನು ಎದ್ದು ಹೋಗಿ ಉಳಿಯನ್ನು ಹೆಕ್ಕಿ, ಒರೆಸಿ, ಚೀಲದಲ್ಲಿ ಕಟ್ಟಿಟ್ಟಿದ್ದ. ಆ ದಿನದಿಂದ ಅದರ ಸುದ್ದಿ ಎತ್ತಿರಲಿಲ್ಲ.

"ಕಾಲು ನಾನು ಕಡೀತೀನಿ," ಅಂದಳು ಮ್ವಾನೈದಿ.

ಬಿ ತಿಮಾ ಮೊದಲು ನಕ್ಕಳು. "ನೀನಾ? ನಮ್ಮ ಮನೆ ಹೆಂಗಸರು ಹಗ್ಗ ಎಳೆದಿದ್ದಾರೆ. ಉಳಿ ಹಿಡಿದವರನ್ನ ನಾನು ನೋಡಿಲ್ಲಪ್ಪ."

"ಹನ್ನೊಂದನೇ ವರ್ಷದಿಂದ ಎಳೆದಿದ್ದೀನಿ ಅತ್ತೆ. ಮೂವತ್ತಮೂರು ವರ್ಷ ಅಪ್ಪನ ಎದುರಿಗೇ ಕೂತು ನೋಡಿದ್ದೀನಿ. ಯಾವ ಸದ್ದಿಗೆ ಏನು ಅಂತ ನನಗೆ ಗೊತ್ತು."

"ಸರಿ, ಉಳಿ ನೀನು ಹಿಡಿದೆ," ಅಂದ ಶಮೂತಿ, ಮೀನಿನ ಮುಳ್ಳು ಬಿಡಿಸುತ್ತಾ. "ಹಗ್ಗ ಯಾರು ಎಳೀತಾರೆ?"

ಅವನು ತಲೆ ಎತ್ತಿದಾಗ ನಾಲ್ಕೂ ಜನ ಅವನನ್ನೇ ನೋಡುತ್ತಿದ್ದರು.

"ನಾನಾ? ನಾನು ದೋಣಿ ನಡೆಸೋನು ಕಣೇ!"

"ತೋಳು ಚೆನ್ನಾಗಿದೆ," ಅಂದಳು ಬಿ ತಿಮಾ, ಮಾರುಕಟ್ಟೆಯಲ್ಲಿ ಹೋರಿ ನೋಡುವವಳ ಹಾಗೆ.

ಝುಹೂರಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಅಜ್ಜನಿಗೆ ಶುಂಠಿ ಚಹಾ ಬಗ್ಗಿಸಿದಳು. ಅವಳು ಅಜ್ಜನಿಗೆ ಯಾವತ್ತೂ ಅರ್ಧ ಲೋಟವಷ್ಟೇ ಬಗ್ಗಿಸುವುದು. ಮುಗಿದ ಮೇಲೆ ಇನ್ನರ್ಧ. ತುಂಬಿದ ಲೋಟ ಅವನ ಕೈಯಲ್ಲಿ ನಿಲ್ಲುವುದಿಲ್ಲ ಅನ್ನುವ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

ಬ್ವಾನಾಹೇರಿ ಚಹಾ ಕುಡಿದು ಮುಗಿಸಿದ. "ಮೊದಲು ಬೇವಿನ ಮೇಲೆ," ಅಂದ. "ಬಂಬಾಕೋಫಿ ಮುಟ್ಟೋದು ನಾನು ಹೇಳಿದ ಮೇಲೆ."

* * *

ತಿರುಗಣೆ ಇದ್ದದ್ದು ಬೀದಿ ಬಾಗಿಲಿನ ಒಳಗಿನ ಪಡಸಾಲೆಯಲ್ಲಿ, ನೆಲಮಟ್ಟದಲ್ಲಿ. ಎರಡು ಗಿಡ್ಡ ಕಂಬ, ಒಂದೊಂದರಲ್ಲಿ ಒಂದೊಂದು ಕಬ್ಬಿಣದ ಮೊನೆ. ಆ ಮೊನೆಗಳ ನಡುವೆ ಮರ. ಮರಕ್ಕೆ ಎರಡು ಸುತ್ತು ಹಗ್ಗ. ಎಳೆಯುವವರು ಎದುರು ಕೂತು ಮಜ್ಜಿಗೆ ಕಡೆದ ಹಾಗೆ ಒಮ್ಮೆ ಬಲಗೈ, ಒಮ್ಮೆ ಎಡಗೈ ಎಳೆಯಬೇಕು. ಬಲಗೈ ಎಳೆದಾಗ ಮರ ಉಳಿಯ ಕಡೆಗೆ ಉರುಳಿ ಬರುತ್ತದೆ, ಆಗ ಉಳಿ ಒತ್ತಬೇಕು. ಎಡಗೈ ಎಳೆದಾಗ ಮರ ಹಿಂದಕ್ಕೆ ತಿರುಗುತ್ತದೆ, ಆಗ ಉಳಿ ಸಡಿಲ ಬಿಡಬೇಕು. ಹೇಳುವುದಕ್ಕೆ ಇಷ್ಟೇ.

ಶಮೂತಿಯದು ಎರಡು ಷರತ್ತು. ಒಂದು, ನೀರು ಇಳಿದಿರುವ ಹೊತ್ತಿನಲ್ಲಿ ಮಾತ್ರ. ಸಿಯುವಿನ ಕಾಲುವೆಗೆ ಸಮುದ್ರ ಏರಿದಾಗ ದೋಣಿ ಹೊರಡಲೇಬೇಕು, ಜನ ಕಾಯುತ್ತಿರುತ್ತಾರೆ. ಇನ್ನೊಂದು, ಬೀದಿ ಬಾಗಿಲು ಮುಚ್ಚಿರಬೇಕು.

"ಯಾಕೆ, ಕದೀತಿದ್ದೀಯಾ?" ಅಂದಳು ಮ್ವಾನೈದಿ.

"ಮಸೀದಿ ಕಟ್ಟೆ ಮೇಲೆ ಫಾಕಿ ಕೂತಿರ್ತಾನೆ. ನಾನು ಹೆಂಡತಿಗೆ ಹಗ್ಗ ಎಳೆಯೋದು ಕಂಡ್ರೆ ನನ್ನ ಮೊಮ್ಮಕ್ಕಳ ಕಾಲದವರೆಗೂ ಹೇಳ್ತಾನೆ."

ಬಾಗಿಲು ಮುಚ್ಚಿ, ದೀಪ ಹಚ್ಚಿ ಕೂತರು. ಮ್ವಾನೈದಿ ಕಾಲು ಚಾಚಿ, ಪಾದದಿಂದ ಉಳಿ ಆನಿಸುವ ಹಲಗೆ ಒತ್ತಿ ಹಿಡಿದು, ಉಳಿ ಎತ್ತಿದಳು. ಶಮೂತಿ ಎಳೆದ. ಮರ ಗರ್ರೆಂದು ತಿರುಗಿತು. ಉಳಿ ಮರವನ್ನು ಮುಟ್ಟಿತು, ಹಾರಿತು, ಮತ್ತೆ ಮುಟ್ಟಿತು, ಕಟಕಟ ಕುಣಿಯಿತು. ಬೇವಿನ ತುಂಡಿನ ಮೇಲೆ ಕೋಳಿ ಕೆದರಿದ ಹಾಗೆ ಗೀರುಗಳಾದವು.

"ಒತ್ತು," ಅಂದ ಅಪ್ಪ.

"ಒತ್ತಿದ್ದೀನಿ."

"ಈಗ ಅಲ್ಲ, ಬಂದಾಗ! ಬಂದಾಗ ಒತ್ತು, ಹೋದಾಗ ಬಿಡು!"

"ಹಾಗೇ ಮಾಡ್ತಿದ್ದೀನಿ ಅಪ್ಪ!"

"ಎಲ್ಲಿ ಮಾಡ್ತಿದ್ದೀಯೇ? ಪೂರಾ ಉಲ್ಟಾ ಮಾಡ್ತಿದ್ದೀಯ. ಮೂವತ್ತಮೂರು ವರ್ಷ ನೋಡಿದ್ದೀನಿ ಅಂದ್ಯಲ್ಲ, ಏನು ನೋಡಿದೆ?"

ಒಂಬತ್ತು ದಿನ ಹೀಗೇ ನಡೆಯಿತು. ಒಲೆಗೆ ಬೇವಿನ ಸೌದೆ ಕೊರತೆಯಾಗಲಿಲ್ಲ. ಮ್ವಾನೈದಿಯ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಝುಹೂರಾ ಅಮ್ಮನ ಪಾಲಿನ ತೊಗರಿಕಾಳನ್ನೂ ಪಾತ್ರೆಯನ್ನೂ ತಾನೇ ತೊಳೆದಳು, ಕಾಯಿ ತಾನೇ ತುರಿದಳು. ಶಮೂತಿ ಸಂಜೆ ಬೆನ್ನು ಹಿಡಿದುಕೊಂಡು ಓಡಾಡಿದ. "ಹಾಯಿ ಏರಿಸೋವಾಗ ಬರದ ನೋವು ಇಲ್ಲಿ ಬರುತ್ತೆ," ಅಂದ. ಅಪ್ಪ ಮಾತು ಕಡಿಮೆ ಮಾಡಿದ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಹತ್ತನೆಯ ದಿನ ಬಿ ತಿಮಾ ಮಂಚಕ್ಕೆ ಬೇಕಾದ ಹಗ್ಗ ಹೆಣೆಯುತ್ತಾ ಪಡಸಾಲೆಯ ಮೂಲೆಯಲ್ಲಿ ಕೂತಿದ್ದಳು. ಈಚಲಿನ ನಾರನ್ನು ತೊಡೆಯ ಮೇಲೆ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿ ಅಣ್ಣನ ಮಗಳನ್ನು ಬಹಳ ಹೊತ್ತು ನೋಡಿದಳು.

"ಅಣ್ಣ, ನೀನು ಅವಳನ್ನ ಸುಮ್ಮನೆ ಬೈದೆ."

"ನೀನು ಹಗ್ಗ ಹೊಸಿ."

"ಹೊಸೀತೀನಿ. ಅವಳು ನೋಡಿದ್ದು ಆ ಕಡೆಯಿಂದ ಕಣೋ. ನೀನು ಒತ್ತೋವಾಗ ಅವಳು ಏನು ಮಾಡ್ತಿದ್ದಳು? ಬಲಗೈ ಎಳೆದು ಮೈಯೆಲ್ಲ ಹಿಂದಕ್ಕೆ ವಾಲ್ತಿದ್ದಳು. ನೀನು ಬಿಡೋವಾಗ ಮುಂದಕ್ಕೆ ಬರ್ತಿದ್ದಳು. ಈಗಲೂ ಅದೇ ಮಾಡ್ತಿದ್ದಾಳೆ ನೋಡು. ಮರ ಬಂದಾಗ ಹಿಂದಕ್ಕೆ ಹೋಗ್ತಾಳೆ, ಹೋದಾಗ ಮುಂದಕ್ಕೆ ಬೀಳ್ತಾಳೆ. ಮದುವೆಗೆ ಮುಂಚೆ ನಾನೂ ನಮ್ಮಪ್ಪನಿಗೆ ಎಳೆದೋಳೇ ಅಲ್ವಾ? ಇವತ್ತಿಗೂ ತಿರುಗಣೆ ಸದ್ದು ಕೇಳಿದ್ರೆ ನನ್ನ ಸೊಂಟ ತಾನೇ ಹಿಂದಕ್ಕೆ ಹೋಗುತ್ತೆ."

ಮ್ವಾನೈದಿ ಉಳಿ ಕೆಳಗಿಟ್ಟಳು. ಶಮೂತಿ ಮೆಲ್ಲನೆ ಒಮ್ಮೆ ಬಲಗೈ ಎಳೆದು ನೋಡಿದ. ಅವಳ ಬೆನ್ನು ತಾನೇ ಹಿಂದಕ್ಕೆ ವಾಲಿತು. ಎಡಗೈ ಎಳೆದ. ಅವಳು ಮುಂದಕ್ಕೆ ಬಂದಳು.

"ಅಯ್ಯೋ!" ಅಂತ ಅವಳೇ ನಕ್ಕುಬಿಟ್ಟಳು. "ಅಪ್ಪ, ಮೈ ನಿನ್ನ ಮಾತು ಕೇಳ್ತಾ ಇಲ್ಲ, ಹಗ್ಗದ ಮಾತು ಕೇಳ್ತಾ ಇದೆ."

ಬಿ ತಿಮಾ ಎದ್ದಳು. ತಲೆಯ ಮೇಲಿದ್ದ ಹೂವಿನ ಚಿತ್ರದ ವಸ್ತ್ರ ಬಿಚ್ಚಿ, ಮ್ವಾನೈದಿಯ ಸೊಂಟಕ್ಕೆ ಸುತ್ತಿ, ಬೆನ್ನ ಹಿಂದಿದ್ದ ಪಡಸಾಲೆಯ ಕಂಬಕ್ಕೆ ಬಿಗಿದು ಕಟ್ಟಿದಳು. ಬೆನ್ನು ಕಂಬಕ್ಕೆ ಅಂಟಿತು. "ಈಗ ವಾಲು ನೋಡೋಣ. ಎಲ್ಲಿಗೆ ಹೋಗ್ತೀಯ? ಕೈ ಮಾತ್ರ ಆಡಬೇಕು, ತಿಳೀತಾ?"

"ಮೇಕೆ ಕಟ್ಟಿದ ಹಾಗೆ ಕಟ್ಟಿದ್ಯಲ್ಲ ತಿಮಜ್ಜಿ!" ಅಂದಳು ಝುಹೂರಾ.

"ಮೇಕೆಗಾದ್ರೂ ಹೇಳಿದ್ದು ಗೊತ್ತಾಗುತ್ತೆ."

ಆ ಮಧ್ಯಾಹ್ನ ಬೇವಿನಿಂದ ಮೊದಲ ಸಿಪ್ಪೆ ಬಂತು. ತೆಳ್ಳಗೆ, ಉದ್ದಕ್ಕೆ, ಈರುಳ್ಳಿ ಸಿಪ್ಪೆಯ ಹಾಗೆ ಸುರುಳಿ ಸುತ್ತಿಕೊಂಡು ಅವಳ ಮಡಿಲಿಗೆ ಬಿತ್ತು. ಅಪ್ಪ ಅದನ್ನು ಎತ್ತಿ, ಬಿಚ್ಚಿ, ಬೆಳಕಿಗೆ ಹಿಡಿದ. ಅವನ ಕೈಯಲ್ಲಿ ಅದು ಎಲೆಯ ಹಾಗೆ ನಡುಗಿತು. ಮತ್ತೆ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ.

ಮುಂದಿನ ದಿನಗಳಲ್ಲಿ ಅವಳು ಗುಂಡು ಕಡೆಯುವುದು ಕಲಿತಳು, ಗುಂಡಿನಿಂದ ಕೊರಳಿಗೆ ಇಳಿಯುವುದು ಕಲಿತಳು. ಉಳಿಯ ಹರಿತ ಹೋಗಿದ್ದರೆ ಸದ್ದಿನಲ್ಲೇ ತಿಳಿಯುತ್ತಿತ್ತು. ಆ ವಿಷಯದಲ್ಲಿ ಮಾತ್ರ ಅಪ್ಪನಿಗಿಂತ ಮೊದಲು ಅವಳೇ ಕೈ ನಿಲ್ಲಿಸುತ್ತಿದ್ದಳು. ಒಂದು ದಿನ ಕೆಲಸ ಮುಗಿಸಿ ನೀರು ಕುಡಿಯಲು ಎದ್ದಾಗ ಸೊಂಟದಲ್ಲಿ ವಸ್ತ್ರವೇ ಇರಲಿಲ್ಲ. ಅದು ಬಿ ತಿಮಾಳ ತಲೆಯ ಮೇಲಿತ್ತು.

"ಯಾವಾಗ ಬಿಚ್ಚಿದೆ ಅತ್ತೆ?"

"ಮೊನ್ನೆಯೇ ಬಿಚ್ಚಿದೆ. ಹೇಳಿದ್ರೆ ನೀನು ಹೆದರ್ತಿದ್ದೆ."

* * *

ಅಪ್ಪ ಅಟ್ಟ ತೋರಿಸಿ ತಲೆ ಆಡಿಸಿದಾಗ ಮದುವೆಗೆ ಮೂರು ವಾರ ಉಳಿದಿತ್ತು. ಮೊದಲ ದಿಮ್ಮಿಯನ್ನು ಶಮೂತಿಯೇ ಇಳಿಸಿದ.

ಆ ಮನೆಯ ಮಂಚದ ಕಾಲಿಗೆ ಒಂದೇ ಮಾದರಿ. ಮೇಲೆ ಚೌಕದ ತಲೆ, ಅದರಲ್ಲಿ ಮಂಚದ ಚೌಕಟ್ಟಿನ ಪಟ್ಟಿ ಕೂರುವ ತೂತು. ಅದರ ಕೆಳಗೆ ಐದು ಗುಂಡು, ದೊಡ್ಡದರಿಂದ ಚಿಕ್ಕದಕ್ಕೆ. ಎರಡು ಗುಂಡಿನ ನಡುವೆ ಗಿಡ್ಡ ಕೊರಳು. ಬ್ವಾನಾಹೇರಿಯ ಅಜ್ಜನ ಕಾಲದಿಂದ ಒಂದು ಗೆರೆಯೂ ಬದಲಾಗಿರಲಿಲ್ಲ. ಬಂಬಾಕೋಫಿ ಬೇವಿನ ಹಾಗಲ್ಲ. ಉಕ್ಕಿನಂತೆ ಗಟ್ಟಿ, ಆದರೆ ಒಮ್ಮೆ ಉಳಿ ಒಗ್ಗಿತೆಂದರೆ ಬೆಣ್ಣೆಯ ಹಾಗೆ ನುಣುಪು ಕೊಡುತ್ತದೆ. ಮೊದಲ ಕಾಲಿಗೆ ನಾಲ್ಕು ದಿನ ಹಿಡಿಯಿತು. ಎರಡನೆಯದಕ್ಕೆ ಮೂರು. ಅಪ್ಪ ಎರಡನ್ನೂ ಪಕ್ಕಪಕ್ಕ ಮಲಗಿಸಿ, ದಾರ ಹಿಡಿದು ಅಳೆದು, "ಅಕ್ಕತಂಗಿಯರು," ಅಂದ. "ಅವಳಿಜವಳಿ ಅಲ್ಲ. ಪರವಾಗಿಲ್ಲ."

ಮೂರನೆಯದು ಮೂರನೇ ಗುಂಡಿನ ಹತ್ತಿರ ಕೆಟ್ಟಿತು.

ನೀರು ಏರುವ ಹೊತ್ತು ಹತ್ತಿರವಾಗಿತ್ತು. ಕಟ್ಟೆಯ ಕಡೆಯಿಂದ ಫಾಕಿ, "ನಾಖುದಾ, ದೋಣಿ ಹೊರಡೋದು ಎಷ್ಟು ಹೊತ್ತಿಗೆ?" ಅಂತ ದೋಣಿಯ ಯಜಮಾನನನ್ನು ಕೂಗಿದ. ಶಮೂತಿ ತಲೆ ತಿರುಗಿಸಿದ. ಹಗ್ಗ ಜಗ್ಗಿತು. ಅದೇ ಕ್ಷಣ ಮ್ವಾನೈದಿ ಕೊರಳಿಗೆ ಇಳಿಯುತ್ತಿದ್ದಳು. ಉಳಿ ಕಚ್ಚಿಕೊಂಡು, ಚಟ್ ಎಂದು ಗುಂಡಿನ ಪಕ್ಕದಿಂದ ಹೆಬ್ಬೆರಳಿನಷ್ಟು ಚಕ್ಕೆ ಎದ್ದು ಹಾರಿತು.

ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಬಿ ತಿಮಾಳೂ ಸೇರಿ ಎಲ್ಲರೂ ಅದನ್ನೇ ನೋಡಿದರು.

"ನೀನು ಎಳೆದೆ," ಅಂದಳು ಮ್ವಾನೈದಿ.

"ನೀನು ತಿವಿದೆ."

"ತಲೆ ತಿರುಗಿಸಿದೋರು ಯಾರು? ಫಾಕಿ ಕೂಗಿದ ಅಂತ ಮೈಯೆಲ್ಲ ನಡುಗಿತು ನಿನಗೆ!"

"ನನಗೆ ದೋಣಿ ಇದೆ ಕಣೇ! ಜನ ಕಾಯ್ತಿದ್ದಾರೆ! ಇದೇ ನನ್ನ ಕೆಲಸ ಅಂದ್ಕೊಂಡ್ಯಾ?"

"ಅಳಿಯ ಅಂತ ಮನೇಲಿ ಇದ್ದಮೇಲೆ..." ಅಂತ ಬಿ ತಿಮಾ ಶುರು ಮಾಡಿದಳು.

"ಹೂಂ, ಹೇಳಿ ತಿಮತ್ತೆ, ಮನೆ ಅಳಿಯ ಅಂತ ಹೇಳಿ. ಇಪ್ಪತ್ತಮೂರು ವರ್ಷ ಆಯ್ತು, ಇನ್ನೂ ಹೇಳೋಕೆ ಬಾಕಿ ಇದ್ಯಾ?"

ಬ್ವಾನಾಹೇರಿ ಕೆಟ್ಟ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಯವನ್ನು ಬೆರಳಿನಿಂದ ಸವರುತ್ತಿದ್ದ. "ಇದಕ್ಕೆ ಬದಲಿ ದಿಮ್ಮಿ ಇಲ್ಲ," ಅಂದ, ಯಾರಿಗೂ ಅಲ್ಲ ಅನ್ನುವಂತೆ.

ಶಮೂತಿ ಎದ್ದು ನಿಂತ. ದನಿ ಇಳಿಸಿ, "ಬಿಡಿ ಮಾವ. ಆಗೋದು ಆಯ್ತು. ಮೊಂಬಾಸದವನಿಗೆ ನಾನು ಮುಂಗಡ ಕೊಟ್ಟಿದ್ದೀನಿ. ಮಂಚ ಮುಂದಿನ ದೊಡ್ಡ ಉಬ್ಬರದ ನೀರಿಗೆ ಬರುತ್ತೆ," ಅಂದ.

ಮ್ವಾನೈದಿಗೆ ಮೊದಲು ಅರ್ಥವಾಗಲಿಲ್ಲ. "ಯಾವಾಗ ಕೊಟ್ಟೆ?"

"ಆವಾಗಲೇ. ಮೊದಲ ವಾರ."

"ಅಂದ್ರೆ ನಾನು ಕಲೀತೀನಿ ಅಂತ ನಿನಗೆ ಒಂದು ದಿನಾನೂ ಅನ್ನಿಸಲಿಲ್ಲ."

ಅವನು ಸುಳ್ಳು ಹೇಳುವವನಲ್ಲ. "ಇಲ್ಲ," ಅಂದ.

"ಮತ್ತೆ ಇಷ್ಟು ದಿನ ಯಾಕೆ ಎಳೆದೆ? ಬೆನ್ನು ಮುರ್ಕೊಂಡು, ಬಾಗಿಲು ಮುಚ್ಕೊಂಡು?"

ಶಮೂತಿ ಬಾಗಿಲಿನ ಅಗುಳಿ ತೆಗೆಯುತ್ತಾ ಅವಳ ಕಡೆ ನೋಡದೆ ಹೇಳಿದ. "ನೀನು ಕೇಳಿದೆಯಲ್ಲ, ಅದಕ್ಕೆ."

ಅವನು ದೋಣಿಗೆ ಹೋದ. ಮ್ವಾನೈದಿ ನೆಲದ ಮೇಲಿನ ಮರದ ಸಿಪ್ಪೆ ಗುಡಿಸಿದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಸಂಜೆ ಒಲೆ ಹೊತ್ತಿಸಿ ತೆಂಗಿನ ಹಾಲಿಗೆ ತೊಗರಿಕಾಳು ಹಾಕಿದಳು. ಶಮೂತಿಗೆ ಇಷ್ಟ ಅಂತ ಏಲಕ್ಕಿ ಹಾಕಿದ ರೊಟ್ಟಿಯನ್ನೂ ಕರಿದಳು. ಬಿ ತಿಮಾ ಅದನ್ನು ಕಂಡು, "ಜಗಳ ಆಡಿದೋನಿಗೆ ರೊಟ್ಟಿ ಬೇರೆ," ಅಂದಳು. ಆದರೆ ಹಿಟ್ಟು ಲಟ್ಟಿಸಿಕೊಟ್ಟವಳು ಅವಳೇ.

* * *

ಮರುದಿನ ಬೆಳಿಗ್ಗೆ ಮ್ವಾನೈದಿ ಕೆಟ್ಟ ಕಾಲನ್ನು ಅಂಗಳದ ಬಿಸಿಲಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದಳು. ಚಕ್ಕೆ ಎದ್ದಿದ್ದು ಬೆರಳಿನ ಒಂದು ಗೆಣ್ಣಿನಷ್ಟು ಆಳ. ಅದರ ಒಳಗೆ ಮರ ಗಟ್ಟಿಯಾಗಿಯೇ ಇತ್ತು.

"ಅಪ್ಪ, ಇದನ್ನ ಇಷ್ಟು ಸಣ್ಣ ಮಾಡಿದ್ರೆ?" ಬೆರಳಿಟ್ಟು ತೋರಿಸಿದಳು. "ನಡುವಿನ ಮೂರು ಗುಂಡು ತೆಗೆದುಬಿಡೋದು. ಒಂದೇ ಉದ್ದ ಕೊರಳು. ಗಾಯ ಹೋಗುತ್ತೆ."

"ಮಿಕ್ಕ ಎರಡು?"

"ಅವನ್ನೂ ಹೀಗೇ ಮಾಡೋದು."

ಅಪ್ಪನ ಮುಖ ಗಟ್ಟಿಯಾಯಿತು. "ಮುಗಿದ ಕಾಲಿಗೆ ಉಳಿ ಹಾಕ್ತೀಯಾ? ನಿನ್ನ ಜೀವಮಾನದಲ್ಲೇ ನೀನು ಕಡೆದಿರೋದು ಆ ಎರಡು!"

"ಹೌದು."

"ಐದು ಗುಂಡು ನನ್ನಜ್ಜನದು."

"ಗೊತ್ತು ಅಪ್ಪ."

ಅವನು ಎದ್ದು ಒಳಗೆ ಹೋಗಿ ಮಲಗಿದ. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಝುಹೂರಾ ತಟ್ಟೆ ಒಯ್ದು ಬಂದು, "ಅಜ್ಜ ಅಜ್ಜಿಯ ಮಂಚದ ಮೇಲೆ ಮಲಗಿದ್ದಾನೆ, ಅದರ ಕಾಲು ಸವರ್ತಿದ್ದಾನೆ," ಅಂದಳು. ಆಮೇಲೆ ಮೆಲ್ಲಗೆ, "ಅಮ್ಮ, ನನಗೆ ಯಾವ ಮಂಚ ಆದ್ರೂ ಸರಿ. ನನ್ನಿಂದ ಇಷ್ಟೊಂದು ಜಗಳ ಬೇಡ," ಅಂದಳು.

"ನಿನ್ನಿಂದ ಅಲ್ಲ ಮಗಳೇ," ಅಂದಳು ಮ್ವಾನೈದಿ. "ಈಗ ಇದು ನನಗೂ ಬೇಕು."

ನೀರು ಇಳಿಯಿತು. ಶಮೂತಿ ದೋಣಿ ಕಟ್ಟಿ ಮನೆಗೆ ಬಂದಾಗ ಪಡಸಾಲೆಯಲ್ಲಿ ಬ್ವಾನಾಹೇರಿ ಒಬ್ಬನೇ ಕೂತಿದ್ದ. ಮುಗಿದ ಎರಡು ಕಾಲುಗಳಲ್ಲಿ ಒಂದನ್ನು ತಾನೇ ಎತ್ತಿ ತಂದು, ನಡುಗುವ ಕೈಯಲ್ಲಿ ಕಬ್ಬಿಣದ ಮೊನೆಗಳ ನಡುವೆ ಕೂರಿಸಲು ಹೆಣಗುತ್ತಿದ್ದ. ಮರ ಮೊನೆಗೆ ಸಿಗುತ್ತಿರಲಿಲ್ಲ. ಶಮೂತಿ ಚಪ್ಪಲಿ ಬಿಟ್ಟು ಬಂದು ಎದುರು ಕೂತು ತನ್ನ ಕಡೆಯ ತುದಿ ಹಿಡಿದ. ಮರ ಕೂತಿತು.

"ಕರಿ ಅವಳನ್ನ," ಅಂದ ಬ್ವಾನಾಹೇರಿ. "ಕೊರಳು ಹೆಬ್ಬೆರಳಿಗಿಂತ ಸಣ್ಣ ಆಗಬಾರದು ಅಂತ ಹೇಳು. ಇಬ್ಬರನ್ನ ಹೊರಬೇಕು ಅದು."

"ಮೂವರಾದ್ರೆ?" ಅಂದ ಶಮೂತಿ.

"ಮೂರನೆಯದಕ್ಕೆ ತೊಟ್ಟಿಲು. ಅದನ್ನೂ ಅವಳೇ ಕಡೀಲಿ."

* * *

ಮುಗಿದ ಕೆಲಸವನ್ನು ಕೈಯಾರೆ ಕೆಡಿಸುವ ಮುನ್ನ ಮ್ವಾನೈದಿ ಉಳಿಯನ್ನು ಎರಡು ಸಲ ಮಸೆದಳು. ಮೊದಲ ಗುಂಡು ಉದುರಿದ ಮೇಲೆ ಕೈ ಸರಾಗವಾಯಿತು. ಮೇಲೊಂದು ಗುಂಡು, ಕೆಳಗೊಂದು ಗುಂಡು, ನಡುವೆ ಕೊಕ್ಕರೆಯ ಕತ್ತಿನಂತೆ ಉದ್ದ ಕೊರಳು. ನಾಲ್ಕನೆಯ ದಿಮ್ಮಿಯನ್ನು ಎರಡೇ ದಿನದಲ್ಲಿ ಕಡೆದು ಮುಗಿಸಿದಳು. ಒಣಗಿದ ತೊರಕೆ ಮೀನಿನ ಚರ್ಮದಿಂದ ನಾಲ್ಕನ್ನೂ ಉಜ್ಜಿದಳು. ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನಾರೆದ್ದ ಕಡೆ ಮತ್ತೆ ಉಜ್ಜಿದಳು. ನಾಲ್ಕನ್ನೂ ನಿಲ್ಲಿಸಿದಾಗ ಬಿ ತಿಮಾ ಸುತ್ತ ಒಂದು ಸುತ್ತು ಬಂದು, "ಹಳೇದು ಮುದುಕರ ಮಂಚ. ಇದು ಹುಡುಗಿ ಮಂಚ," ಅಂದಳು. ಅಣ್ಣ ಕೇಳಿಸದವನ ಹಾಗೆ ಕೂತಿದ್ದ.

ಉಳಿದದ್ದು ಬಣ್ಣ. ಮದುವೆಗೆ ಆರು ದಿನ.

ಬಣ್ಣದ ಅರಗಿನ ಕಡ್ಡಿಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು: ಕೆಂಪು, ಕಪ್ಪು, ಹಳದಿ. ತಿರುಗುವ ಮರಕ್ಕೆ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯಬೇಕು. ಅದಕ್ಕೆ ವೇಗ ಬೇಕು, ಒಂದೇ ಸಮನಾಗಿ ಬೇಕು. ಮೊದಲ ದಿನ ಅರಗು ಕರಗಲೇ ಇಲ್ಲ. ಒಣಗಿದ ಬೆಲ್ಲದ ಹಾಗೆ ಪುಡಿಪುಡಿಯಾಗಿ ಉದುರಿತು. ಹಿಡಿದ ಕಡೆಯೂ ತೇಪೆ ತೇಪೆ.

"ನೀವು ಹಾಯಿ ಏರಿಸೋ ಹಾಗೆ ಎಳೀತಿದ್ದೀರ," ಅಂದಳು ಝುಹೂರಾ ಅಪ್ಪನಿಗೆ. "ಒಂದು ಜಗ್ಗು, ಒಂದು ನಿಲ್ಲು. ಗಾಳಿ ಇಲ್ಲದಾಗ ಹುಟ್ಟು ಹಾಕೋದು ಹೇಗೆ?"

ಶಮೂತಿ ಮಗಳನ್ನು ನೋಡಿದ. ಅಂಗಿ ಬಿಚ್ಚಿ ಪಕ್ಕಕ್ಕಿಟ್ಟ. ಕಣ್ಣು ಅರ್ಧ ಮುಚ್ಚಿ, ನೀರಿನ ಮೇಲೆ ಗಂಟೆಗಟ್ಟಲೆ ಹೋಗಬೇಕಾದವನ ಹಾಗೆ, ಅವಸರವಿಲ್ಲದೆ ಶುರು ಮಾಡಿ ಮೆಲ್ಲಮೆಲ್ಲನೆ ವೇಗ ಏರಿಸಿದ. ಹಗ್ಗದ ಸದ್ದು ಜೇನಿನ ಹಾಗೆ ಮೊರೆಯತೊಡಗಿತು. ಮ್ವಾನೈದಿ ಕೆಂಪು ಕಡ್ಡಿ ಒತ್ತಿದಳು. ಬಿಸಿ ಅರಗಿನ ವಾಸನೆ ಎದ್ದಿತು. ಮರದ ಮೇಲೆ ಮೊದಲ ಕೆಂಪು ಉಂಗುರ ಹಸಿಹಸಿಯಾಗಿ ಹರಡಿತು.

"ಬಂತು!" ಅಂತ ಕೂಗಿದಳು.

"ಬಂದಿದೆಯೋ ಇಲ್ಲವೋ ಹೇಗೆ ಗೊತ್ತು?" ಅಂದ ಬ್ವಾನಾಹೇರಿ. "ಕಡೆಯೋದನ್ನ ಸದ್ದಿನಲ್ಲೇ ಮಾಡಿದೆ, ಸರಿ. ಬಣ್ಣಕ್ಕೆ ಕಿವಿ ಸಾಲದು. ಈ ಕತ್ತಲಲ್ಲಿ ಹಾಕಿದ ಬಣ್ಣ ಮದುವೆ ದಿನ ಬೆಳಕಿಗೆ ಬಂದಾಗ ಏನು ಅಂತ ಗೊತ್ತಾಗುತ್ತೆ. ದೀಪಕ್ಕೆ ಕೆಂಪೂ ಕಪ್ಪೂ ಒಂದೇ."

ಎಲ್ಲರೂ ಮುಚ್ಚಿದ ಬಾಗಿಲು ನೋಡಿದರು. ಶಮೂತಿ ಹಗ್ಗ ಕೆಳಗಿಟ್ಟು, ಬರೀ ಮೈಯಲ್ಲೇ ಎದ್ದು ಹೋಗಿ, ಎರಡೂ ಬಾಗಿಲನ್ನು ಗೋಡೆಯವರೆಗೆ ತೆರೆದ. ಬೆಳಕು ಒಮ್ಮೆಲೇ ಒಳಗೆ ಬಿತ್ತು. ಕೆಂಪು ಉಂಗುರ ದಾಳಿಂಬೆ ಬೀಜದ ಹಾಗೆ ಹೊಳೆಯಿತು.

ಫಾಕಿ ಕಟ್ಟೆಯ ಮೇಲೆಯೇ ಇದ್ದ. ಅವನಿಗೆ ಇದಕ್ಕಿಂತ ಹೆಚ್ಚೇನು ಬೇಕಿತ್ತು?

"ಏನಯ್ಯಾ ನಾಖುದಾ! ದೋಣಿ ಬಿಟ್ಟು ಮಜ್ಜಿಗೆ ಕಡೀತಿದ್ದೀಯೋ?"

"ಹೌದು, ಕಡೀತಿದ್ದೀನಿ," ಅಂದ ಶಮೂತಿ, ಮತ್ತೆ ಹಗ್ಗ ಹಿಡಿಯುತ್ತಾ. "ನಿನಗೊಂದು ಲೋಟ ಬೇಕಾ?"

"ಹೆಂಡತಿ ಹೇಳಿದ ಹಾಗೆ ಕುಣೀತಿದ್ದೀಯ!"

"ನಿನ್ನ ಹೆಂಡತಿ ಹೇಳಿದ್ದು ನೀನು ಕೇಳಿದ್ದಿದ್ರೆ ನಿನ್ನ ಮನೆ ಸೂರು ಸೋರ್ತಿರಲಿಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಫಾಕಿ ಇನ್ನೂ ಎರಡು ಮಾತು ಎಸೆದ. ಹಗ್ಗದ ಮೊರೆತದಲ್ಲಿ ಅವು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಬಂದು ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ಕೆಂಪಿನ ಪಕ್ಕದಲ್ಲಿ ಹಳದಿ, ಹಳದಿಯ ಅಂಚಿಗೆ ದಾರದಷ್ಟು ಕಪ್ಪು ಬರುವುದನ್ನು ಬಾಯಿ ಮುಚ್ಚಿಕೊಂಡು ನೋಡಿದ.

ಅರಗು ಹಿಡಿಯಿತು, ಹೊಳಪು ಬರಲಿಲ್ಲ. ಮೇಲೆಲ್ಲ ಕಡ್ಡಿ ಎಳೆದ ಗೆರೆಗಳು. ಕೊನೆಯ ಕೆಲಸ ಕೇದಗೆಯ ಒಣ ಗರಿಯದು. ಅದನ್ನು ಮಡಿಸಿ ತಿರುಗುವ ಅರಗಿಗೆ ಹಗುರವಾಗಿ ಹಿಡಿದರೆ ಗೆರೆಗಳೆಲ್ಲ ಕರಗಿ ಕನ್ನಡಿಯಾಗುತ್ತದೆ. ಮ್ವಾನೈದಿ ಹಿಡಿದಾಗ ಗರಿ ಅಂಟಿಕೊಂಡಿತು. ಉಳಿ ಒತ್ತಿ ಒತ್ತಿ ಅವಳ ಕೈ ಗಟ್ಟಿಯಾಗಿತ್ತು. ಹಗುರ ಮಾಡಲು ಬರುತ್ತಿರಲಿಲ್ಲ. ಎರಡು ಸಲ ಬಣ್ಣ ಕಿತ್ತು ಬಂತು, ಎರಡು ಸಲ ಮತ್ತೆ ಹಾಕಿದಳು.

"ಅಪ್ಪ, ನೀನು ಹಿಡಿ."

"ನನ್ನ ಕೈ ನೋಡೇ."

"ನೋಡಿದ್ದೀನಿ. ಇದು ಉಳಿಯಲ್ಲ, ಗರಿ. ಅಲುಗಿದ್ರೆ ಏನಾಗುತ್ತೆ? ಹಿಡಿ."

ಬ್ವಾನಾಹೇರಿ ಮಗಳ ಪಕ್ಕಕ್ಕೆ ಸರಿದು ಕೂತ. ಗರಿಯನ್ನು ಎರಡು ಬೆರಳಲ್ಲಿ ಹಿಡಿದು ಮರಕ್ಕೆ ತಾಗಿಸಿದ. ಅದು ನಡುಗುತ್ತಾ ಮುಟ್ಟಿತು, ಬಿಟ್ಟಿತು, ಮುಟ್ಟಿತು, ಬಿಟ್ಟಿತು. ಒಂದು ಕಡೆಯೂ ನಿಲ್ಲಲಿಲ್ಲ. ನಿಲ್ಲದ್ದರಿಂದ ಎಲ್ಲಿಯೂ ಅಂಟಲಿಲ್ಲ. ಮೇಲಿನ ಗುಂಡಿನಿಂದ ಕೊರಳಿನವರೆಗೆ ಬೆಳಕು ಇಳಿಯುತ್ತಾ ಹೋಯಿತು. ಶಮೂತಿ ಎದೆಯ ಮೇಲೆ ಬೆವರು ಹರಿದರೂ ವೇಗ ಇಳಿಸಲಿಲ್ಲ. ಮ್ವಾನೈದಿ ಖಾಲಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅಪ್ಪನ ಮುಖ ನೋಡುತ್ತಿದ್ದಳು. ಎಂಟು ತಿಂಗಳಿನಿಂದ ಅವನು ತನ್ನ ಬಲಗೈಯನ್ನು ಹೀಗೆ ಕಣ್ಣಿಟ್ಟು ನೋಡಿರಲಿಲ್ಲ.

ನಾಲ್ಕು ಕಾಲಿಗೆ ನಾಲ್ಕು ದಿನ. ಐದನೆಯ ದಿನ ಬಡಗಿ ಬಂದು ಪಟ್ಟಿ ಕೂರಿಸಿದ, ಬಿ ತಿಮಾ ಹಗ್ಗ ಹೆಣೆದಳು. ಅದೇ ದಿನ ದೊಡ್ಡ ನೀರಿನಲ್ಲಿ ಮೊಂಬಾಸದ ಮಂಚವೂ ಬಂದಿಳಿಯಿತು, ಕನ್ನಡಿ ಸಮೇತ. ಎಲ್ಲರೂ ಅದನ್ನು ನೋಡುತ್ತಾ ನಿಂತಾಗ ಬಿ ತಿಮಾ ಅದರ ಮೇಲೆ ಕೂತು ಎರಡು ಸಲ ಕುಣಿದಳು.

"ಮೆತ್ತಗಿದೆ. ನನ್ನ ಕೋಣೆಗೆ ಹಾಕಿ. ನನಗೂ ಇನ್ನೊಬ್ಬ ವರ ಬರೋದಾದ್ರೆ ಬರಲಿ."

* * *

ಮದುವೆಯ ಮರುದಿನ ಬೆಳಿಗ್ಗೆ ಮೇಲಿನ ಕೋಣೆಯಿಂದ ಕೇದಗೆ ಹೂವಿನ ವಾಸನೆ ಮೆಟ್ಟಿಲಿನವರೆಗೂ ಇಳಿದಿತ್ತು. ಹೊಸ ಅಳಿಯ ತ್ವಾಲಿಬ್, ಶಾಲೆಯ ಮೇಷ್ಟ್ರು, ನಾಚಿಕೊಂಡೇ ಬಂದು ಚಾಪೆಯ ಮೇಲೆ ಕೂತ.

"ಮಂಚ ಹೇಗಿದೆಯಪ್ಪ?" ಅಂತ ಬಿ ತಿಮಾ ಕೇಳಿಯೇಬಿಟ್ಟಳು. "ಕಿರುಗುಟ್ಟಲಿಲ್ಲ ತಾನೇ?"

ಹುಡುಗನ ಕಿವಿ ಕೆಂಪಾಯಿತು. "ಇಲ್ಲ ಅಜ್ಜಿ."

ಏನಾದರೂ ಮಾಡಬೇಕಲ್ಲ ಎಂದು ಅವನು ಚಹಾದ ಪಾತ್ರೆ ಎತ್ತಿಕೊಂಡ. ಎಲ್ಲರ ಲೋಟಕ್ಕೂ ತುಂಬ ಬಗ್ಗಿಸಿದ. ಬ್ವಾನಾಹೇರಿಯ ಲೋಟಕ್ಕೆ ಬಂದಾಗ ಅರ್ಧಕ್ಕೆ ನಿಲ್ಲಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲ, ಮದುವೆಯ ಊಟದಲ್ಲಿ ನೋಡಿರಬೇಕು. ಮ್ವಾನೈದಿ ಮಗಳ ಕಡೆ ನೋಡಿದಳು. ಝುಹೂರಾ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು, ಆದರೆ ತುಟಿಯ ಕೊನೆ ನಗುತ್ತಿತ್ತು.

ಶಮೂತಿಯೂ ಅದನ್ನು ಕಂಡಿದ್ದ. ಚಹಾ ಗುಟುಕರಿಸುತ್ತಾ ಹುಡುಗನನ್ನು ಮೇಲಿನಿಂದ ಕೆಳಗಿನವರೆಗೆ, ಹೆಚ್ಚಾಗಿ ತೋಳುಗಳನ್ನು, ನೋಡಿದ.

"ಫಾಕಿ ತನ್ನ ಮಗಳಿಗೆ ನಾಲ್ಕು ಕಾಲು ಬೇಕು ಅಂದಿದ್ದಾನೆ," ಅಂದ. "ಕೊಕ್ಕರೆ ಕತ್ತಿನದೇ ಆಗಬೇಕಂತೆ. ದಿಮ್ಮಿ ಅವನೇ ತರ್ತಾನಂತೆ. ನನಗೆ ನಾಳೆಯಿಂದ ಎರಡು ವಾರ ದೋಣಿ ಇದೆ. ಮೇಷ್ಟ್ರೇ, ಶಾಲೆ ಎಷ್ಟು ಹೊತ್ತಿಗೆ ಬಿಡುತ್ತೆ?"

"ಮೂರೂವರೆಗೆ ಮಾವ."

"ಒಳ್ಳೇದಾಯ್ತು. ನಾಲ್ಕಕ್ಕೆ ಬಾ," ಅಂದ ಶಮೂತಿ. "ಅಂಗಿ ಬಿಚ್ಚಿಟ್ಟು ಹಗ್ಗ ಹಿಡಿದು ಕೂರಬೇಕು. ಬಾಗಿಲು ತೆರೆದೇ ಇರುತ್ತೆ."